ಕೊಟೇಶನ್ ಪಕ್ಕದ ಮೂರಕ್ಷರ: ಮಾಲು ಕಳಿಸಲು ನಿಮಗೆ ಯಾವ ದಾರಿ ಸರಿ?

ಎರಡು ಕೊಟೇಶನ್ ಮುಂದಿವೆ. ಮಾಲು ಒಂದೇ. ಒಬ್ಬರು ಪೀಸಿಗೆ 100 ಅಂತ ಬರೆದು ಪಕ್ಕದಲ್ಲಿ ‘ಎಕ್ಸ್ ವರ್ಕ್ಸ್’ ಅಂದಿದ್ದಾರೆ. ಇನ್ನೊಬ್ಬರು 118 ಬರೆದು ‘ಡಿಡಿಪಿ’ ಅಂದಿದ್ದಾರೆ. ಯಾವುದು ಅಗ್ಗ? ಆನ್‌ಲೈನ್ ಮಾರಾಟ ಶುರು ಮಾಡಿದವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ, ಬೇರೆ ಬೇರೆ ರೂಪದಲ್ಲಿ. ಅಂಚೆನಾ, ಕೊರಿಯರಾ? ಹಡಗಾ, ವಿಮಾನವಾ? ಸ್ವಂತ ಗೋದಾಮಾ, ಬೇರೆಯವರದಾ?

ಒಂದೊಂದೇ ಪದ ತೆಗೆದುಕೊಂಡು ಅರ್ಥ ಬರೆಯಬಹುದಿತ್ತು. ಅದನ್ನು ಓದಿ ಮುಗಿಸುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಈ ಪದಗಳ ಒಳಗೆಲ್ಲ ಒಂದೊಂದು ಒಪ್ಪಂದ ಅಡಗಿದೆ: ಹಣ ಯಾರು ಕೊಡಬೇಕು, ತಲೆನೋವು ಯಾರದು ಅಂತ. ಆ ಕಡೆಯಿಂದ ನೋಡಿದರೆ ನೆನಪೂ ಉಳಿಯುತ್ತದೆ, ಆಯ್ಕೆಯೂ ಸಲೀಸಾಗುತ್ತದೆ.

ಹಾಗಾಗಿ ಯಾವ ದಾರಿ ಎದುರಿಗೆ ಬಂದರೂ ಐದು ಪ್ರಶ್ನೆ ಕೇಳಿ. ಖರ್ಚು ಎಲ್ಲಿಯವರೆಗೆ ಯಾರದು? ದಾರಿಯಲ್ಲಿ ಮಾಲು ಹಾಳಾದರೆ ನಷ್ಟ ಯಾರ ತಲೆಗೆ? ಕಸ್ಟಮ್ಸ್ ಕಾಗದ ಯಾರ ಹೆಸರಲ್ಲಿ? ಬಾಡಿಗೆಯನ್ನು ಯಾವ ಲೆಕ್ಕದಲ್ಲಿ ಅಳೆಯುತ್ತಾರೆ? ನಿಮ್ಮ ಹಣ ಎಷ್ಟು ದಿನ ಸಿಕ್ಕಿಕೊಂಡಿರುತ್ತದೆ? ಐದಕ್ಕೂ ಉತ್ತರ ಸಿಗದೆ ಹೋಲಿಕೆ ಮಾಡಿದರೆ ಅದು ಸುಮ್ನೆ ಊಹೆ.

ತಕ್ಕಡಿಗೆ ಗೊತ್ತಾಗದ ತೂಕ

ಮೊದಲು ಅಳತೆಯ ವಿಷಯ. ಹೊಸಬರು ಅತಿ ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲೇ.

ಕೊರಿಯರ್‌ನವರು ಪಾರ್ಸೆಲ್‌ಗೆ ಎರಡು ತೂಕ ನೋಡುತ್ತಾರೆ. ಒಂದು ತಕ್ಕಡಿಯ ತೂಕ. ಇನ್ನೊಂದು ವಾಲ್ಯೂಮೆಟ್ರಿಕ್ ತೂಕ, ಅಂದರೆ ಡಬ್ಬ ತಿನ್ನುವ ಜಾಗವನ್ನು ತೂಕವಾಗಿ ಬದಲಿಸಿದ ಲೆಕ್ಕ. ಎರಡರಲ್ಲಿ ಯಾವುದು ದೊಡ್ಡದೋ ಅದಕ್ಕೆ ದರ. ಅದರ ಹೆಸರೇ ಚಾರ್ಜಬಲ್ ವೇಯ್ಟ್. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಕೊರಿಯರ್‌ಗಳ ರೂಢಿ. 40, 30, 20ರ ಡಬ್ಬದೊಳಗೆ 2 ಕಿಲೋ ಮಾಲಿದ್ದರೂ ಬಿಲ್ಲು 4.8 ಕಿಲೋಗೆ. ಅದೇ ಮಾಲು 35, 25, 15ರ ಡಬ್ಬದಲ್ಲಿ ಕೂತರೆ 2.6 ಕಿಲೋ ಚಿಲ್ಲರೆ. ದರ ಇಳಿಸಿ ಅಂತ ವಾರಗಟ್ಟಲೆ ಚೌಕಾಸಿ ಮಾಡುವುದಕ್ಕಿಂತ ಡಬ್ಬ ಬದಲಿಸುವುದು ಲಾಭ. ನಾನಂತೂ ಮೊದಲ ಒಂದು ವರ್ಷ ಎಲ್ಲ ಮಾಲಿಗೂ ಒಂದೇ ಸೈಜಿನ ಡಬ್ಬ ತರಿಸಿ, ಗಾಳಿಗೆ ಬಾಡಿಗೆ ಕಟ್ಟಿದ್ದೇನೆ.

ಏರ್ ಕಾರ್ಗೋದಲ್ಲಿ ಸಾಮಾನ್ಯವಾಗಿ 6000ದಿಂದ ಭಾಗಿಸುತ್ತಾರೆ. ಆಗ ಒಂದು ಘನ ಮೀಟರ್ ಮಾಲಿಗೆ ಕನಿಷ್ಠ 167 ಕಿಲೋ ಲೆಕ್ಕ. ಕೊರಿಯರ್‌ನಲ್ಲಿ ಅದೇ 200 ಕಿಲೋ. ಹಡಗಿನಲ್ಲಿ ಒಂದು ಘನ ಮೀಟರನ್ನು 1000 ಕಿಲೋಗೆ ಸಮ ಅಂತ ಹಿಡಿಯುತ್ತಾರೆ. ಈ ಘನ ಮೀಟರನ್ನೇ ವ್ಯಾಪಾರದಲ್ಲಿ ಸಿಬಿಎಂ ಅನ್ನುವುದು. ಹಗುರವಾದ, ಉಬ್ಬಿದ ಮಾಲು ಮಾರುವವರು ಇದನ್ನು ಗಮನಿಸಬೇಕು. ಒಂದು ಸಿಬಿಎಂ ದಿಂಬು 100 ಕಿಲೋ ತೂಗಿದರೂ ಕೊರಿಯರ್ 200 ಕಿಲೋಗೆ ದುಡ್ಡು ಕೇಳುತ್ತದೆ. ಪುಸ್ತಕ, ಕಬ್ಬಿಣದ ಸಾಮಾನು ಮಾರುವವರಿಗೆ ಈ ಚಿಂತೆಯೇ ಇಲ್ಲ, ಅವರದು ತಕ್ಕಡಿಯ ತೂಕವೇ ಮುಂದೆ ಓಡುತ್ತದೆ.

ಬಿಡಿ ಪಾರ್ಸೆಲ್: ಅಂಚೆ ಮತ್ತು ಕೊರಿಯರ್

ಒಬ್ಬ ಗ್ರಾಹಕರಿಗೆ ಒಂದು ಪಾರ್ಸೆಲ್ ಅನ್ನುವ ವ್ಯಾಪಾರ ನಿಮ್ಮದಾದರೆ ಮುಖ್ಯ ದಾರಿ ಎರಡೇ.

ಅಂಚೆಯ ಬಲ ಅದರ ಜಾಲ. 1874ರಲ್ಲಿ ಬರ್ನ್‌ನಲ್ಲಿ ಹುಟ್ಟಿದ ಯೂನಿವರ್ಸಲ್ ಪೋಸ್ಟಲ್ ಯೂನಿಯನ್‌ನ ನಿಯಮದಂತೆ ಒಂದು ದೇಶದ ಅಂಚೆ ಇನ್ನೊಂದು ದೇಶದ ಅಂಚೆಗೆ ಪಾರ್ಸೆಲ್ ಒಪ್ಪಿಸುತ್ತದೆ. ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ದೇಶದ ಎರಡಕ್ಷರ ಇರುವ ಟ್ರ್ಯಾಕಿಂಗ್ ನಂಬರ್ ನೋಡಿದ್ದೀರಲ್ವಾ? ಅದು ಈ ವ್ಯವಸ್ಥೆಯದೇ. ‘ಸ್ಮಾಲ್ ಪ್ಯಾಕೆಟ್’ಗೆ 2 ಕಿಲೋ ಮಿತಿ. ಕಸ್ಟಮ್ಸ್‌ಗೆ ಸಿಎನ್22 ಅನ್ನುವ ಸಣ್ಣ ಚೀಟಿ ಅಂಟಿಸಬೇಕು. ಬೆಲೆ ಜಾಸ್ತಿ ಇದ್ದರೆ ಸಿಎನ್23. ಬಾಡಿಗೆ ಕಮ್ಮಿ, ದಿನ ಜಾಸ್ತಿ. ಒಂದು ದೇಶ ದಾಟಿ ಇನ್ನೊಂದಕ್ಕೆ ಹೋಗುವ ನಡುವೆ ಟ್ರ್ಯಾಕಿಂಗ್ ಕೆಲವು ದಿನ ಮೂಕವಾಗುವುದೂ ಉಂಟು. ಗ್ರಾಹಕರ ಮೆಸೇಜುಗಳು ಬರುವುದು ಆಗಲೇ.

ಕೊರಿಯರ್‌ನಲ್ಲಿ ಬಾಗಿಲಿನಿಂದ ಬಾಗಿಲಿಗೆ ಒಂದೇ ಕಂಪನಿಯ ಜವಾಬ್ದಾರಿ. ಕಸ್ಟಮ್ಸ್ ಕೆಲಸವನ್ನೂ ಅವರೇ ಮಾಡುತ್ತಾರೆ. ಸುಂಕವನ್ನು ಮೊದಲು ತಾವೇ ಕಟ್ಟಿ ಆಮೇಲೆ ವಸೂಲಿ ಮಾಡುತ್ತಾರೆ, ಅದಕ್ಕೊಂದು ಫೀ ಸೇರಿಸುತ್ತಾರೆ. ಸಣ್ಣ ಬೆಲೆಯ ವಸ್ತುವಿಗೆ ಕೆಲವೊಮ್ಮೆ ಆ ಫೀಯೇ ಸುಂಕಕ್ಕಿಂತ ದೊಡ್ಡದು.

ನನ್ನ ಲೆಕ್ಕ ಸರಳ. ಬಾಡಿಗೆಯು ವಸ್ತುವಿನ ಬೆಲೆಯ ಕಾಲು ಭಾಗ ದಾಟುವ ಹಾಗಿದ್ದರೆ, ವಸ್ತು ಹಗುರವಾಗಿದ್ದರೆ, ಅಂಚೆ ನೋಡಿ. ಕಳೆದುಹೋದರೆ ನಿಮ್ಮ ನಿದ್ದೆ ಕೆಡಿಸುವಷ್ಟು ಬೆಲೆಯದಾದರೆ, ಅಥವಾ ಯಾವುದೋ ದಿನಕ್ಕೆ ತಲುಪಲೇಬೇಕಾದರೆ, ಕೊರಿಯರ್. ಎರಡನ್ನೂ ತೋರಿಸಿ ಗ್ರಾಹಕರಿಗೇ ಆಯ್ಕೆ ಬಿಡುವುದು ಇನ್ನೂ ಒಳ್ಳೆಯದು. ಬೇಗ ಬೇಕಾದವರು ದುಡ್ಡು ಕೊಡಲು ಹಿಂದೆಮುಂದೆ ನೋಡುವುದಿಲ್ಲ.

ಬ್ಯಾಟರಿ ಇರುವ ಮಾಲಿನ ಬಗ್ಗೆ ಒಂದು ಮಾತು. ಲಿಥಿಯಂ ಅಯಾನ್ ಬ್ಯಾಟರಿಯನ್ನು ಬರೀ ಬ್ಯಾಟರಿಯಾಗಿ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಕಳಿಸುವುದನ್ನು 2016ರ ಏಪ್ರಿಲ್‌ನಿಂದ ನಿಲ್ಲಿಸಲಾಗಿದೆ. ಉಪಕರಣದ ಒಳಗಿದ್ದರೆ ನಿಯಮ ಬೇರೆ. ದರ ಕೇಳುವ ಮೊದಲೇ ‘ಬ್ಯಾಟರಿ ಇದೆ’ ಅಂತ ಹೇಳಿಬಿಡಿ.

ಸಗಟು ಮಾಲು: ಎಲ್‌ಸಿಎಲ್, ಎಫ್‌ಸಿಎಲ್, ವಿಮಾನ

20 ಅಡಿಯ ಕಂಟೇನರ್ ಒಳಗೆ ಲೆಕ್ಕಕ್ಕೆ ಸುಮಾರು 33 ಸಿಬಿಎಂ ಜಾಗ. ಡಬ್ಬಗಳ ನಡುವಿನ ಸಂದು ಬಿಟ್ಟರೆ ನಿಜವಾಗಿ ತುಂಬುವುದು 25ರಿಂದ 28. 40 ಅಡಿಯದ್ದರಲ್ಲಿ ಸುಮಾರು 67. ಇಡೀ ಕಂಟೇನರ್ ನಿಮ್ಮೊಬ್ಬರದೇ ಆದರೆ ಎಫ್‌ಸಿಎಲ್. ಬೇರೆಯವರ ಮಾಲಿನ ಜೊತೆ ಹಂಚಿಕೊಂಡರೆ ಎಲ್‌ಸಿಎಲ್.

ಎಲ್‌ಸಿಎಲ್‌ನಲ್ಲಿ ನೀವು ಬಳಸಿದ ಜಾಗಕ್ಕೆ ಮಾತ್ರ ಬಾಡಿಗೆ, ಕೇಳಲು ಚೆಂದ. ಆದರೆ ಕಂಟೇನರ್ ತುಂಬುವವರೆಗೆ ಕಾಯಬೇಕು. ತಲುಪಿದ ಮೇಲೆ ಬಿಚ್ಚಿ ಬೇರ್ಪಡಿಸಲು ಮತ್ತೆ ಕಾಯಬೇಕು. ಡಬ್ಬಗಳನ್ನು ಎತ್ತಿ ಇಳಿಸುವುದೂ ಜಾಸ್ತಿ, ಒಡೆಯುವುದೂ ಜಾಸ್ತಿ. ಅದೇ ಕಂಟೇನರ್‌ನಲ್ಲಿರುವ ಯಾರದೋ ಮಾಲನ್ನು ಕಸ್ಟಮ್ಸ್ ತಡೆದರೆ ನಿಮ್ಮದೂ ನಿಲ್ಲುತ್ತದೆ. ಮಾಲು 12–15 ಸಿಬಿಎಂ ಮುಟ್ಟುತ್ತಿದ್ದ ಹಾಗೆ ಎಫ್‌ಸಿಎಲ್ ದರವನ್ನೂ ಕೇಳಿ ನೋಡಿ. ಅರ್ಧ ಖಾಲಿ ಕಂಟೇನರೇ ಅಗ್ಗ ಬೀಳುವುದು ಈ ಅಂದಾಜಿನಿಂದ ಶುರುವಾಗುತ್ತದೆ.

ಎಫ್‌ಸಿಎಲ್‌ನ ಭಯ ಬೇರೆ ಥರದ್ದು: ಡೆಮರೇಜ್ ಮತ್ತು ಡಿಟೆನ್ಶನ್. ತುಂಬಿದ ಕಂಟೇನರನ್ನು ಬಂದರಿನಿಂದ ಬಿಡಿಸಿಕೊಳ್ಳಲು ಕೆಲವು ದಿನ ಉಚಿತ. ಅದು ಮುಗಿದ ಮೇಲೆ ದಿನಕ್ಕಿಷ್ಟು ಅಂತ ಬೀಳುವುದು ಡೆಮರೇಜ್. ಹೊರಗೆ ತಂದು, ಖಾಲಿ ಕಂಟೇನರ್ ವಾಪಸ್ ಕೊಡಲು ತಡ ಮಾಡಿದರೆ ಡಿಟೆನ್ಶನ್. ಒಂದು ಕಾಗದ ತಪ್ಪಿದ್ದಕ್ಕೆ ಹಡಗಿನ ಬಾಡಿಗೆಯನ್ನೂ ಮೀರಿ ಇವೆರಡು ಬೆಳೆಯಬಹುದು. ಹಾಗಾಗಿ ದರ ಮಾತಾಡುವಾಗ ‘ಫ್ರೀ ಡೇಸ್ ಎಷ್ಟು?’ ಅಂತಲೂ ಕೇಳಿ.

ವಿಮಾನವೋ ಹಡಗೋ ಅನ್ನುವುದನ್ನು ಬರೀ ಬಾಡಿಗೆ ನೋಡಿ ನಿರ್ಧರಿಸಬೇಡಿ. ಲೀಡ್ ಟೈಮ್ ಅನ್ನುವ ಪದ ಇಲ್ಲಿ ಕೆಲಸಕ್ಕೆ ಬರುತ್ತದೆ. ಆರ್ಡರ್ ಕೊಟ್ಟ ದಿನದಿಂದ ಮಾಲು ನಿಮ್ಮ ಕಪಾಟಿಗೆ ಬರುವವರೆಗಿನ ದಿನಗಳೇ ಲೀಡ್ ಟೈಮ್. ದಿನಕ್ಕೆ 8 ಪೀಸ್ ಮಾರುತ್ತೀರಿ ಅಂದುಕೊಳ್ಳಿ. ಹಡಗಿನಲ್ಲಿ 45 ದಿನ ಆದರೆ 360 ಪೀಸ್ ಆ ಅವಧಿಗೇ ಬೇಕು. ಏರುಪೇರಿಗೆ 80 ಸೇಫ್ಟಿ ಸ್ಟಾಕ್ ಇಟ್ಟುಕೊಂಡರೆ, 440 ಉಳಿದಾಗಲೇ ಮುಂದಿನ ಆರ್ಡರ್ ಕೊಡಬೇಕು. ವಿಮಾನದಲ್ಲಿ 10 ದಿನ ಆದರೆ 80 ಮತ್ತು 20, ಒಟ್ಟು 100 ಸಾಕು. ಆ 340 ಪೀಸಿನ ಹಣ ನಿಮ್ಮ ಕೈಯಲ್ಲೇ ಉಳಿಯಿತು. ಹೊಸ ಮಾಲು ಓಡುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೆ ಮೊದಲ ಸಲ ವಿಮಾನದಲ್ಲಿ ಸ್ವಲ್ಪ ತರಿಸಿ. ಓಡಿತು ಅಂದಮೇಲೆ ಹಡಗು ಇದ್ದೇ ಇದೆ.

ಕಾಗದದಲ್ಲೂ ಒಂದು ದೊಡ್ಡ ವ್ಯತ್ಯಾಸ ಇದೆ. ಹಡಗಿನ ಬಿಲ್ ಆಫ್ ಲೇಡಿಂಗ್, ಅಂದರೆ ಮಾಲು ಒಪ್ಪಿಸಿಕೊಂಡದ್ದಕ್ಕೆ ಹಡಗಿನವರು ಕೊಡುವ ಕಾಗದ, ಮಾಲಿನ ಹಕ್ಕುಪತ್ರ ಇದ್ದ ಹಾಗೆ. ಮೂಲ ಪ್ರತಿ ಬಳಕೆಯಲ್ಲಿದ್ದರೆ, ಅದು ಯಾರ ಕೈಯಲ್ಲಿದೆಯೋ ಅವರಿಗೆ ಮಾಲು. ಹಣ ಬರುವವರೆಗೆ ಅದನ್ನು ತಡೆದಿಟ್ಟುಕೊಳ್ಳಬಹುದು. ವಿಮಾನದ ಏರ್‌ವೇ ಬಿಲ್‌ಗೆ ಆ ಶಕ್ತಿ ಇಲ್ಲ. ಅದರಲ್ಲಿ ಯಾರ ಹೆಸರಿದೆಯೋ ಅವರಿಗೆ ಮಾಲು ಕೊಟ್ಟುಬಿಡುತ್ತಾರೆ. ಪರಿಚಯ ಇಲ್ಲದವರಿಗೆ ವಿಮಾನದಲ್ಲಿ ಸಗಟು ಮಾಲು ಕಳಿಸುವಾಗ ಹಣ ಮೊದಲೇ ತಗೊಳ್ಳಿ.

ಆ ಮೂರಕ್ಷರಗಳು

ಈಗ ಅಸಲು ವಿಷಯ. ಇಎಕ್ಸ್‌ಡಬ್ಲ್ಯು, ಎಫ್‌ಸಿಎ, ಎಫ್‌ಒಬಿ, ಸಿಐಎಫ್, ಡಿಎಪಿ, ಡಿಡಿಪಿ. ಇವೆಲ್ಲ ಇನ್‌ಕೋಟರ್ಮ್ಸ್, ಅಂದರೆ ಖರ್ಚು, ಹೊಣೆ ಎಲ್ಲಿಯವರೆಗೆ ಯಾರದು ಅಂತ ಹೇಳುವ ವ್ಯಾಪಾರದ ಪದಗಳು. ಪ್ಯಾರಿಸ್‌ನ ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್ 1936ರಲ್ಲಿ ಮೊದಲ ಪಟ್ಟಿ ತಂದಿತು. ಈಗ ನಡೆಯುತ್ತಿರುವುದು 2020ರದ್ದು, ಅದರಲ್ಲಿ 11 ಪದಗಳಿವೆ. ಎಲ್ಲವನ್ನೂ ಕಲಿಯಬೇಕಿಲ್ಲ, ಆರು ಗೊತ್ತಿದ್ದರೆ ವ್ಯಾಪಾರ ನಡೆಯುತ್ತದೆ. ಒಂದನ್ನು ಮಾತ್ರ ಮರೆಯಬೇಡಿ: ಮಾಲಿನ ಒಡೆತನ ಯಾವಾಗ ಬದಲಾಗುತ್ತದೆ, ಹಣ ಯಾವಾಗ ಕೊಡಬೇಕು ಅನ್ನುವುದನ್ನು ಇವು ಹೇಳುವುದೇ ಇಲ್ಲ. ಅದನ್ನು ಬೇರೆಯಾಗಿ ಬರೆದುಕೊಳ್ಳಬೇಕು.

ಎಕ್ಸ್ ವರ್ಕ್ಸ್, ಅಂದರೆ ಇಎಕ್ಸ್‌ಡಬ್ಲ್ಯು: ‘ನನ್ನ ಗೋದಾಮಿನಲ್ಲಿ ಇಟ್ಟಿದ್ದೇನೆ, ಬಂದು ತಗೊಂಡು ಹೋಗಿ.’ ಲಾರಿಗೆ ತುಂಬುವುದೂ ಕೊಳ್ಳುವವರ ಕೆಲಸ. ಅಲ್ಲಿನ ರಫ್ತು ಕಾಗದವೂ ಅವರದೇ. ಬೇರೆ ದೇಶದಲ್ಲಿ ಕೂತು ಅಲ್ಲಿನ ರಫ್ತು ಕಾಗದ ಮಾಡಿಸುವುದು ಎಷ್ಟು ಪೀಕಲಾಟ ಅಂತ ಮಾಡಿದವರಿಗೇ ಗೊತ್ತು. ಬೆಲೆ ಕಮ್ಮಿ ಕಾಣುವುದು ಇದರಿಂದಲೇ. ಸ್ವಂತ ಏಜೆಂಟ್ ಅಲ್ಲಿ ಇದ್ದರೆ ಮಾತ್ರ ಇದು ಸರಿ.

ಎಫ್‌ಸಿಎಯಲ್ಲಿ ಮಾರುವವರು ರಫ್ತು ಕಾಗದ ಮುಗಿಸಿ, ನೀವು ಹೇಳಿದ ಸಾಗಣೆದಾರರಿಗೆ ಒಪ್ಪಿಸುತ್ತಾರೆ. ಎಫ್‌ಒಬಿ ಎಲ್ಲರ ಬಾಯಲ್ಲೂ ಇರುವ ಪದ, ಆದರೆ ಅದು ಹಡಗಿಗೆ ಮಾತ್ರ. ಮಾಲು ಹಡಗಿನ ಮೇಲೆ ಇಟ್ಟ ಕ್ಷಣಕ್ಕೆ ಹೊಣೆ ಕೈ ಬದಲಾಗುತ್ತದೆ. ಕಂಟೇನರನ್ನು ಮಾತ್ರ ಕೆಲವು ದಿನ ಮೊದಲೇ ಬಂದರಿನ ಅಂಗಳದಲ್ಲಿ ಒಪ್ಪಿಸಿರುತ್ತಾರೆ. ಆ ನಡುವಿನ ದಿನಗಳಲ್ಲಿ ಏನಾದರೂ ಆದರೆ ಜಗಳ. ಕಂಟೇನರ್ ಮಾಲಿಗೆ ಎಫ್‌ಸಿಎ ಸರಿ ಅನ್ನುವುದು ಇದಕ್ಕೇ. ಅಮೆರಿಕದ ಒಳಗಿನ ವ್ಯಾಪಾರದಲ್ಲಿ ಎಫ್‌ಒಬಿ ಅನ್ನುವುದಕ್ಕೆ ಬೇರೆಯೇ ಅರ್ಥ ಇದೆ. ಅದರಿಂದ ‘ಇನ್‌ಕೋಟರ್ಮ್ಸ್ 2020’ ಅಂತ ಪಕ್ಕದಲ್ಲಿ ಬರೆಸಿ, ಊರಿನ ಹೆಸರನ್ನೂ ಸೇರಿಸಿ.

ಸಿಐಎಫ್ ಸಾಧು ಮುಖದ ಮೋಸ. ಮಾರುವವರು ನಿಮ್ಮ ಬಂದರಿನವರೆಗೆ ಬಾಡಿಗೆ ಕೊಡುತ್ತಾರೆ, ವಿಮೆಯನ್ನೂ ಮಾಡಿಸುತ್ತಾರೆ. ಆಹಾ ಅನಿಸುತ್ತದೆ. ಆದರೆ ಹೊಣೆ ಮಾತ್ರ ಅತ್ತ ಕಡೆ ಹಡಗಿಗೆ ತುಂಬಿದಾಗಲೇ ನಿಮ್ಮದಾಗಿರುತ್ತದೆ. ಖರ್ಚು ಅವರದು, ನಷ್ಟ ನಿಮ್ಮದು. ಆ ವಿಮೆಯೂ ಕನಿಷ್ಠ ಮಟ್ಟದ್ದು. ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ ಅನ್ನುವ ವಿಮೆ ಷರತ್ತುಗಳ ‘ಸಿ’ ವರ್ಗ ಇದ್ದರೂ ಸಾಕು ಅನ್ನುತ್ತದೆ ನಿಯಮ. ಕಳ್ಳತನ ಅದರಲ್ಲಿ ಸೇರುವುದಿಲ್ಲ. ಇದಕ್ಕೂ ದೊಡ್ಡ ಬಲೆ ಬೇರೆ ಇದೆ. ನನ್ನ ಒಂದು ಸಣ್ಣ ಎಲ್‌ಸಿಎಲ್ ಮಾಲಿಗೆ ಸಿಐಎಫ್ ದರ ಹೆಚ್ಚುಕಮ್ಮಿ ಪುಕ್ಕಟೆ ಅನ್ನುವಷ್ಟಿತ್ತು. ಮಾಲು ಬಂದ ಮೇಲೆ ಇಲ್ಲಿನ ಏಜೆಂಟ್ ಬಿಚ್ಚುವ ಚಾರ್ಜು, ಕಾಗದದ ಚಾರ್ಜು, ಡೆಲಿವರಿ ಆರ್ಡರ್ ಚಾರ್ಜು ಅಂತ ಉದ್ದದ ಪಟ್ಟಿ ಹಿಡಿದು ನಿಂತರು. ಅತ್ತ ಬಿಟ್ಟದ್ದನ್ನು ಇತ್ತ ಹಿಂಡಿದ್ದರು. ಏಜೆಂಟ್ ನಾನು ಆರಿಸಿದವರಲ್ಲ, ಚೌಕಾಸಿಗೆ ಜಾಗವೇ ಇರಲಿಲ್ಲ. ಸಣ್ಣ ಮಾಲಿಗೆ ಸಿಐಎಫ್ ಬೇಡ ಅಂತ ಅವತ್ತಿನಿಂದ ಹೇಳುತ್ತಿದ್ದೇನೆ.

ಡಿಎಪಿ ಮತ್ತು ಡಿಡಿಪಿ ಎರಡರಲ್ಲೂ ಮಾರುವವರು ಹೇಳಿದ ಜಾಗದವರೆಗೆ ತಲುಪಿಸುತ್ತಾರೆ, ದಾರಿಯ ಹೊಣೆಯೂ ಅವರದೇ. ವ್ಯತ್ಯಾಸ ಆಮದು ಸುಂಕದಲ್ಲಿ. ಡಿಎಪಿಯಲ್ಲಿ ಸುಂಕ ಕೊಳ್ಳುವವರದು, ಡಿಡಿಪಿಯಲ್ಲಿ ಮಾರುವವರದು. ಕೆಲವು ಕೊರಿಯರ್‌ಗಳು ಈಗಲೂ ಡಿಡಿಯು ಅನ್ನುತ್ತವೆ. 2010ರಲ್ಲೇ ಪಟ್ಟಿಯಿಂದ ಹೋದ ಪದ ಅದು, ಡಿಎಪಿ ಅಂತಲೇ ಓದಿಕೊಳ್ಳಿ.

ನೀವು ನೇರವಾಗಿ ಬೇರೆ ದೇಶದ ಗ್ರಾಹಕರಿಗೆ ಮಾರುವವರಾದರೆ ಇವೆರಡರ ನಡುವೆಯೇ ನಿಮ್ಮ ಆಯ್ಕೆ. ಡಿಎಪಿಯಲ್ಲಿ ನಿಮ್ಮ ಅಂಗಡಿಯ ಬೆಲೆ ಕಮ್ಮಿ ಕಾಣುತ್ತದೆ. ಆದರೆ ಪಾರ್ಸೆಲ್ ಬಾಗಿಲಿಗೆ ಬಂದಾಗ ‘ಇಷ್ಟು ಸುಂಕ ಕಟ್ಟಿ’ ಅಂದರೆ ಎಷ್ಟು ಜನ ಖುಷಿಯಾಗಿ ಕಟ್ಟುತ್ತಾರೆ? ಬೇಡ ಅಂದರೆ ವಾಪಸ್ ಬರುವ ಬಾಡಿಗೆಯೂ ನಿಮ್ಮ ತಲೆಗೆ. ಮೊದಲು ಸಣ್ಣ ಬೆಲೆಯ ಪಾರ್ಸೆಲ್‌ಗಳಿಗೆ ಡಿ ಮಿನಿಮಿಸ್ ಅನ್ನುವ ರಿಯಾಯಿತಿ ಕಾಪಾಡುತ್ತಿತ್ತು. ಇಂತಿಷ್ಟು ಬೆಲೆಯೊಳಗೆ ಸುಂಕ ಇಲ್ಲ ಅನ್ನುವ ಮಿತಿ ಅದು. ಈಗ ಅದು ಕರಗುತ್ತಿದೆ. ಯುರೋಪಿಯನ್ ಯೂನಿಯನ್ 22 ಯುರೋವರೆಗಿದ್ದ ವ್ಯಾಟ್ ವಿನಾಯಿತಿಯನ್ನು 2021ರ ಜುಲೈ 1ರಂದು ತೆಗೆಯಿತು. ಅಮೆರಿಕ ತನ್ನ 800 ಡಾಲರ್ ಮಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳ ಮಾಲಿಗೂ ನಿಲ್ಲಿಸಿತು. ಆದ್ದರಿಂದ ಬಿಡಿ ಗ್ರಾಹಕರಿಗೆ ಡಿಡಿಪಿ, ಸುಂಕ ಸೇರಿಸಿಯೇ ಬೆಲೆ. ಇನ್ನೊಬ್ಬ ವ್ಯಾಪಾರಿಗೆ ಸಗಟು ಮಾರುವಾಗ ಡಿಎಪಿ ಸಾಕು, ಅವರಿಗೆ ಅಲ್ಲಿನ ತೆರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಸುಂಕದ ಲೆಕ್ಕಕ್ಕೆ ಎಚ್‌ಎಸ್ ಕೋಡ್ ಬೇಕು, ಅಂದರೆ ಮಾಲು ಯಾವ ಬಗೆಯದು ಅಂತ ಕಸ್ಟಮ್ಸ್‌ಗೆ ಹೇಳುವ ಸಂಖ್ಯೆ. ಮೊದಲ ಆರು ಅಂಕಿ ಜಗತ್ತಿನಾದ್ಯಂತ ಒಂದೇ, ವರ್ಲ್ಡ್ ಕಸ್ಟಮ್ಸ್ ಆರ್ಗನೈಸೇಶನ್‌ನದು. ಮುಂದಿನ ಅಂಕಿಗಳನ್ನು ಆಯಾ ದೇಶ ಸೇರಿಸುತ್ತದೆ. ಸಪ್ಲೈಯರ್ ಕೊಟ್ಟ ಉದ್ದದ ಕೋಡನ್ನು ಹಾಗೇ ನಕಲು ಮಾಡಬೇಡಿ.

ವಿಮೆ ಮಾಡಿಸಬೇಕಾ?

ಸಾಗಣೆದಾರರು ಕಳೆದರೆ ಪೂರ್ತಿ ಬೆಲೆ ಕೊಡುತ್ತಾರೆ ಅನ್ನುವುದು ತಪ್ಪು ತಿಳಿವಳಿಕೆ. ಅಂತರರಾಷ್ಟ್ರೀಯ ವಿಮಾನ ಸಾಗಣೆಯಲ್ಲಿ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅವರ ಹೊಣೆ ಕಿಲೋಗೆ 26 ಎಸ್‌ಡಿಆರ್‌ಗೆ ಸೀಮಿತ. ಎಸ್‌ಡಿಆರ್ ಅಂದರೆ ಐಎಂಎಫ್‌ನ ಲೆಕ್ಕದ ಹಣ. ಪರಿಹಾರ ತೂಕಕ್ಕೆ, ಬೆಲೆಗಲ್ಲ. ಹಗುರವಾದ ದುಬಾರಿ ಮಾಲು ಮಾರುವವರಿಗೆ ಇದರಲ್ಲಿ ಏನೂ ದಕ್ಕುವುದಿಲ್ಲ.

ಹಡಗಿನಲ್ಲಿ ಇನ್ನೊಂದು ವಿಚಿತ್ರ ಇದೆ, ಜನರಲ್ ಆವರೇಜ್. ಹಡಗನ್ನು ಉಳಿಸಲು ಆದ ಖರ್ಚನ್ನು ಅದರಲ್ಲಿ ಮಾಲಿಟ್ಟ ಎಲ್ಲರೂ ಹಂಚಿಕೊಳ್ಳಬೇಕು. ನಿಮ್ಮ ಡಬ್ಬಕ್ಕೆ ಗೀರು ಕೂಡ ಬಿದ್ದಿರಬೇಕಿಲ್ಲ. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡ ಎವರ್ ಗಿವನ್ ನೆನಪಿದೆಯಾ? ಅದರ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ವಿಮೆ ಇದ್ದವರ ಪರವಾಗಿ ವಿಮಾ ಕಂಪನಿ ಗ್ಯಾರಂಟಿ ಕೊಡುತ್ತದೆ. ಇಲ್ಲದವರು ಠೇವಣಿ ಕಟ್ಟಿಯೇ ಮಾಲು ಬಿಡಿಸಿಕೊಳ್ಳಬೇಕು. ಹಡಗಿನ ಮಾಲಿಗೆ ವಿಮೆ ಮಾಡಿಸಿ, ಇದರಲ್ಲಿ ಎರಡನೇ ಮಾತಿಲ್ಲ. ಸಣ್ಣ ಬೆಲೆಯ ಬಿಡಿ ಪಾರ್ಸೆಲ್‌ಗಳಿಗೆ ಬೇಡ. ನೂರರಲ್ಲಿ ಒಂದೆರಡು ಕಳೆದರೆ ಆ ನಷ್ಟವನ್ನು ಬೆಲೆಯಲ್ಲೇ ಸೇರಿಸಿಕೊಳ್ಳಿ.

ಮಾಲು ಎಲ್ಲಿಡಬೇಕು?

ಆರ್ಡರ್ ಬಂದ ಮೇಲೆ ಹುಡುಕಿ, ಕಟ್ಟಿ, ಕಳಿಸುವ ಇಡೀ ಕೆಲಸಕ್ಕೆ ಫುಲ್‌ಫಿಲ್‌ಮೆಂಟ್ ಅನ್ನುತ್ತಾರೆ. ದಿನಕ್ಕೆ ಹತ್ತಿಪ್ಪತ್ತು ಆರ್ಡರ್ ಇರುವವರೆಗೆ ನೀವೇ ಮಾಡಿ. ಯಾವ ಮಾಲು ಒಡೆಯುತ್ತದೆ, ಯಾವುದು ವಾಪಸ್ ಬರುತ್ತದೆ ಅನ್ನುವುದು ಕೈಯಾರೆ ಕಟ್ಟಿದವರಿಗೇ ಗೊತ್ತಾಗುವುದು. ದಿನದ ಅರ್ಧ ಟೇಪ್ ಸುತ್ತುವುದರಲ್ಲೇ ಹೋಗುತ್ತಿದೆ ಅನಿಸಿದಾಗ 3ಪಿಎಲ್ ಕಡೆ ನೋಡಿ. ಅಂದರೆ ಮಾಲು ಇಟ್ಟುಕೊಂಡು ಕಳಿಸಿಕೊಡುವ ಹೊರಗಿನ ಕಂಪನಿ. ಅವರ ಬಿಲ್ಲಿನಲ್ಲಿ ಇಳಿಸಿಕೊಳ್ಳಲು, ಇಡಲು, ಪಿಕ್ ಅಂಡ್ ಪ್ಯಾಕ್‌ಗೆ, ವಾಪಸ್ ಬಂದದ್ದಕ್ಕೆ ಬೇರೆ ಬೇರೆ ಸಾಲು ಇರುತ್ತವೆ. ಒಂದು ಆರ್ಡರ್‌ಗೆ ಎಲ್ಲ ಸೇರಿ ಎಷ್ಟಾಯಿತು ಅಂತ ಕೂಡಿಸಿ ಆಮೇಲೆ ಹೋಲಿಸಿ. ನಿಮ್ಮ ಸಮಯಕ್ಕೂ ಒಂದು ಬೆಲೆ ಹಾಕಿಕೊಳ್ಳಿ.

ಮಾರ್ಕೆಟ್‌ಪ್ಲೇಸ್‌ನವರ ಗೋದಾಮಿನಲ್ಲಿಟ್ಟರೆ ಬೇಗ ತಲುಪುತ್ತದೆ, ಮಾರಾಟವೂ ಏರಬಹುದು. ನಿಧಾನವಾಗಿ ಓಡುವ ಮಾಲನ್ನು ಮಾತ್ರ ಅಲ್ಲಿಡಬೇಡಿ, ತಿಂಗಳು ಕಳೆದಂತೆ ಬಾಡಿಗೆ ಏರುತ್ತದೆ. ಡ್ರಾಪ್‌ಶಿಪ್ಪಿಂಗ್‌ನಲ್ಲಿ ನಿಮ್ಮ ಹಣ ಸಿಕ್ಕಿಕೊಳ್ಳುವುದಿಲ್ಲ, ಸಪ್ಲೈಯರೇ ಗ್ರಾಹಕರಿಗೆ ಕಳಿಸುತ್ತಾರೆ. ಬೈಗುಳ ಮಾತ್ರ ನಿಮಗೆ. ಯಾವ ಮಾಲು ಓಡುತ್ತದೆ ಅಂತ ಪರೀಕ್ಷಿಸಲು ಸರಿ, ಹೆಸರು ಕಟ್ಟಿಕೊಳ್ಳಬೇಕೆಂದಿದ್ದರೆ ಸರಿಯಲ್ಲ.

ಕ್ಯಾಶ್ ಆನ್ ಡೆಲಿವರಿ ಕೊಡುವವರು ಆರ್‌ಟಿಒ ಲೆಕ್ಕ ಹಾಕಲೇಬೇಕು. ತಲುಪದೆ ವಾಪಸ್ ಬಂದ ಪಾರ್ಸೆಲ್ ಅದು. ಒಂದು ಸಾಗಣೆಗೆ 50 ಅಂತಿಟ್ಟುಕೊಳ್ಳಿ. 100 ಕಳಿಸಿದಿರಿ, 20 ವಾಪಸ್ ಬಂದವು. ಹೋಗಲು 5000, ಬರಲು 1000. ಆ 6000ವನ್ನು ಮಾರಾಟವಾದ 80ಕ್ಕೆ ಹಂಚಿದರೆ ಒಂದಕ್ಕೆ 75. ನಿಮ್ಮ ನಿಜವಾದ ಸಾಗಣೆ ದರ ಅದು, 50 ಅಲ್ಲ. ಮುಂಗಡ ಹಣ ಕೊಟ್ಟವರಿಗೆ ಆ 25ರಲ್ಲಿ ಒಂದಷ್ಟು ರಿಯಾಯಿತಿ ಬಿಟ್ಟುಕೊಟ್ಟರೂ ನೀವು ಗೆದ್ದಂತೆಯೇ.

ಆ ಎರಡು ಕೊಟೇಶನ್

ಈಗ 100 ಮತ್ತು 118ಕ್ಕೆ ವಾಪಸ್ ಬರೋಣ. ಎರಡನ್ನೂ ಒಂದೇ ಜಾಗಕ್ಕೆ, ಅಂದರೆ ನಿಮ್ಮ ಗೋದಾಮಿನ ಬಾಗಿಲಿಗೆ ತಂದು ನೋಡಬೇಕು. ಹೀಗೆ ಬಾಗಿಲಿಗೆ ಬಂದ ಬೆಲೆಗೆ ಲ್ಯಾಂಡೆಡ್ ಕಾಸ್ಟ್ ಅನ್ನುತ್ತಾರೆ. ಎಕ್ಸ್ ವರ್ಕ್ಸ್ 100. ಅಲ್ಲಿ ಎತ್ತಿ ತರಲು ಮತ್ತು ರಫ್ತು ಕಾಗದಕ್ಕೆ 4. ಹಡಗಿಗೆ 6. ವಿಮೆಗೆ 1. ಸುಂಕ ಶೇಕಡಾ 10 ಅಂದರೆ 11. ಇತ್ತ ಬಂದರಿನ ಚಾರ್ಜುಗಳು 4, ಬಾಗಿಲಿಗೆ ತರಲು 2. ಒಟ್ಟು 128. ಹಾಗಾದರೆ 118ರ ಡಿಡಿಪಿಯೇ ಅಗ್ಗ.

ಅಗ್ಗವೇ, ಆದರೆ ಸುಂಕವನ್ನೇ ಬಿಟ್ಟರೂ 117 ಆಗುವ ಮಾಲನ್ನು 118ಕ್ಕೆ ಬಾಗಿಲಿಗೆ ತಂದುಕೊಡುತ್ತೇನೆ ಅನ್ನುತ್ತಿದ್ದಾರೆ. ದೊಡ್ಡ ಪ್ರಮಾಣದಲ್ಲಿ ಕಳಿಸುವವರಾದರೆ ಸಾಧ್ಯ ಇದೆ. ಬೆಲೆ ಕಮ್ಮಿ ತೋರಿಸಿ ಸುಂಕ ಉಳಿಸುವವರಾದರೂ ಸಾಧ್ಯ ಇದೆ. ಅವರಿಗೆ ಒಂದು ಸಾಲು ಬರೆಯಿರಿ: ಆಮದು ಯಾರ ಹೆಸರಲ್ಲಿ ಆಗುತ್ತದೆ, ಕಸ್ಟಮ್ಸ್ ಕಾಗದದ ಪ್ರತಿ ನನಗೆ ಕೊಡುತ್ತೀರಾ? ಹೆಸರು ನಿಮ್ಮದಾಗಿದ್ದು ಬೆಲೆ ಸುಳ್ಳಾಗಿದ್ದರೆ ದಂಡ ಬರುವುದು ನಿಮಗೆ. ಹೆಸರು ಬೇರೆಯವರದಾದರೆ ಆಮದಿನ ಮೇಲೆ ಕಟ್ಟಿದ ತೆರಿಗೆಯನ್ನು ಲೆಕ್ಕದಲ್ಲಿ ವಾಪಸ್ ಕೇಳಲು ನಿಮ್ಮ ಹತ್ತಿರ ಕಾಗದವೇ ಇರುವುದಿಲ್ಲ. ಪ್ರತಿ ಕೊಡುತ್ತೇವೆ ಅಂದರೆ ಡಿಡಿಪಿಗೆ ಹೂಂ ಅನ್ನಿ. ಮಾತು ತಿರುಗಿಸಿದರೆ, ಮೊದಲನೆಯವರ ಹತ್ತಿರ ಎಫ್‌ಸಿಎ ದರ ಕೇಳಿ.